ಬಿಸಿಲಿನ ದುಡಿಮೆಯಲ್ಲಿ ಕಣ್ಣು ಕತ್ತಲಿಡುವುದೇಕೆ?



ದೇವನೂರಿನ ಸುತ್ತ ಏಪ್ರಿಲ್ ಬಿಸಿಲಿನಲ್ಲಿ ಅಡಿಕೆ ತೋಟದ ಕಾಲುವೆ ತೆಗೆಯುವ ಕೆಲಸ ಸುಲಭವಲ್ಲ. ಗುದ್ದಲಿ ಬೀಸುವಷ್ಟು ಹೊತ್ತು ಆಳು ಗಟ್ಟಿಯಾಗಿಯೇ ಇರುತ್ತಾನೆ. ಕೆಲಸ ನಿಲ್ಲಿಸಿ ಬದುವಿನ ಮೇಲೆ ಸುಮ್ಮನೆ ನಿಂತ ಮರುಗಳಿಗೆಯಲ್ಲಿ ಕಣ್ಣು ಕತ್ತಲಿಟ್ಟು ಕುಸಿಯುವುದುಂಟು. ಪಿತ್ತ ಏರಿತೆಂದು ನಾವು ಹೇಳುತ್ತೇವೆ. ಬಹಳ ಸಲ ಕಾರಣವಿರುವುದು ರಕ್ತದ ಹಂಚಿಕೆಯಲ್ಲಿ.

ದುಡಿಯುವ ಸ್ನಾಯುಗಳಿಗೆ ಹೆಚ್ಚು ರಕ್ತ ಬೇಕು. ದುಡಿದಂತೆ ಅವುಗಳಲ್ಲಿ ಶಾಖವೂ ಹುಟ್ಟುತ್ತದೆ. ಅದನ್ನು ಹೊರಹಾಕಲು ರಕ್ತವು ಚರ್ಮಕ್ಕೆ ಹರಿಯಬೇಕು; ಅಲ್ಲಿ ಬೆವರು ಆರುವಾಗ ರಕ್ತ ತಂಪಾಗುತ್ತದೆ. ವಿಶ್ರಾಂತಿಯಲ್ಲಿ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ನೂಕುತ್ತದೆ. ಅದರಲ್ಲಿ ಚರ್ಮದ ಪಾಲು ಹೆಚ್ಚೆಂದರೆ ಅರ್ಧ ಲೀಟರಿನಷ್ಟು. ಸುಮ್ಮನಿರುವವನ ಮೈ ವಿಪರೀತ ಕಾದರೆ ಆ ಪಾಲೊಂದೇ 6ರಿಂದ 8 ಲೀಟರಿಗೆ ಏರಬಲ್ಲದು. ಆದರೆ ದುಡಿಯುವವನಿಗೆ ಅಷ್ಟು ಸಿಗುವುದಿಲ್ಲ.

ಕಬಿನಿ ನಾಲೆಯ ನೀರನ್ನು ನೆನೆಯಿರಿ. ಎಲ್ಲ ತೂಬುಗಳನ್ನೂ ಒಮ್ಮೆಗೇ ತೆರೆದರೆ ನಾಲೆಯ ಮಟ್ಟ ಇಳಿದು ಕೊನೆಯ ಗದ್ದೆ ಒಣಗುತ್ತದೆ. ಆದ್ದರಿಂದ ನೀರುಗಂಟಿ ಕೆಲವು ತೂಬುಗಳನ್ನು ಬಿಗಿಯುತ್ತಾನೆ. ನಮ್ಮ ದೇಹದಲ್ಲೂ ಒಬ್ಬ ನೀರುಗಂಟಿ ಇದ್ದಾನೆ. ಕತ್ತಿನ ಧಮನಿಯಲ್ಲಿಯೂ ಹೃದಯದಿಂದ ಹೊರಡುವ ಮಹಾಧಮನಿಯಲ್ಲಿಯೂ ಒತ್ತಡವನ್ನು ಅರಿಯುವ ನರತುದಿಗಳಿವೆ. ಒತ್ತಡ ಇಳಿದರೆ ಅವು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಕೂಡಲೇ ಹೃದಯ ವೇಗವಾಗಿ ಬಡಿಯುತ್ತದೆ. ಕರುಳು, ಮೂತ್ರಪಿಂಡಗಳ ರಕ್ತನಾಳಗಳು ಬಿಗಿಯುತ್ತವೆ. ಚರ್ಮದ ನಾಳಗಳು ಇನ್ನಷ್ಟು ತೆರೆಯದಂತೆ ತಡೆ ಬೀಳುತ್ತದೆ. ಹೀಗಾಗಿ ದುಡಿಯುವವನ ಒಳಮೈ ಬಿಸಿ ಸುಮಾರು 38 ಡಿಗ್ರಿ ಸೆಂಟಿಗ್ರೇಡ್ ದಾಟಿದ ಮೇಲೆ ಚರ್ಮದ ರಕ್ತ ಹರಿವು ಹೆಚ್ಚೇನೂ ಏರದು. ಮಿದುಳಿಗೆ ರಕ್ತ ಉಳಿಯುತ್ತದೆ, ಆದರೆ ಶಾಖ ಒಳಗೇ ಸೇರುತ್ತದೆ. ಬೆವರಿನಲ್ಲಿ ನೀರು ಹೋಗಿ ರಕ್ತದ ಪ್ರಮಾಣ ಕುಗ್ಗಿದಷ್ಟೂ ಈ ತಡೆ ಬೇಗ ಬೀಳುತ್ತದೆ.

ಹಾಗಾದರೆ ನಿಂತಾಗ ಬೀಳುವುದೇಕೆ? ದುಡಿಯುವಾಗ ಮೀನಖಂಡದ ಸ್ನಾಯುಗಳು ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ಕಳಿಸುತ್ತಿರುತ್ತವೆ. ತಟ್ಟನೆ ನಿಂತರೆ ಆ ಹಿಂಡುವಿಕೆ ನಿಲ್ಲುತ್ತದೆ. ಚರ್ಮದ ನಾಳಗಳು ಇನ್ನೂ ತೆರೆದಿರುವುದರಿಂದ ರಕ್ತ ಕಾಲಿನಲ್ಲಿ ತಂಗಿ, ಮಿದುಳಿಗೆ ಸಾಲದಾಗುತ್ತದೆ.

ಇದರಿಂದ ಮಾಡಬೇಕಾದದ್ದು ಸ್ಪಷ್ಟ:

1. ಭಾರಿ ಕೆಲಸವನ್ನು ಬೆಳಗ್ಗೆ ಮತ್ತು ಸಂಜೆ ಇಟ್ಟುಕೊಳ್ಳಿ. ಬಾಯಾರುವವರೆಗೆ ಕಾಯದೆ ಆಗಾಗ ನೀರು, ಮಜ್ಜಿಗೆ ಕುಡಿಯಿರಿ.

2. ಕೆಲಸವನ್ನು ಒಮ್ಮೆಲೇ ನಿಲ್ಲಿಸಬೇಡಿ. ನಾಲ್ಕು ಹೆಜ್ಜೆ ನಡೆದು ನೆರಳಿನಲ್ಲಿ ಕುಳಿತುಕೊಳ್ಳಿ.

3. ಹೊಸದಾಗಿ ಬಿಸಿಲಿಗೆ ಬಂದ ಆಳಿಗೆ ಒಂದೆರಡು ವಾರ ಹಗುರ ಕೆಲಸ ಕೊಟ್ಟು ಕ್ರಮೇಣ ಹೆಚ್ಚಿಸಿ. ಆ ಅವಧಿಯಲ್ಲಿ ದೇಹ ಬಿಸಿಲಿಗೆ ಹೊಂದಿಕೊಳ್ಳುತ್ತದೆ.

4. ತಲೆ ಸುತ್ತಿದವರನ್ನು ಮಲಗಿಸಿ ಕಾಲುಗಳನ್ನು ಎತ್ತರಿಸಿ. ಮೈ ಸುಡುತ್ತಾ ಮಾತು ತಡವರಿಸಿದರೆ, ಇಲ್ಲವೆ ಪ್ರಜ್ಞೆ ಮರಳದಿದ್ದರೆ, ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತಾ ತಡಮಾಡದೆ ಆಸ್ಪತ್ರೆಗೆ ಸಾಗಿಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

5. ರಕ್ತದೊತ್ತಡದ ಮಾತ್ರೆ ನುಂಗುವವರಿಗೆ ತಲೆಸುತ್ತು ಬರುವ ಸಂಭವ ಹೆಚ್ಚು. ತಾವಾಗಿ ಮಾತ್ರೆ ಬಿಡದೆ ವೈದ್ಯರನ್ನು ಕೇಳಲಿ.

ನೆಲದ ಮೇಲೆ ಕುಸಿದವನು ಮಲಗಿದೊಡನೆ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತಾನೆ. ಅಡಿಕೆ ಮರದ ತುದಿಯಲ್ಲಿರುವವನಿಗೆ ಆ ಅವಕಾಶವಿಲ್ಲ. ಮರ ಹತ್ತುವ ಮುನ್ನ ಅವನು ನೀರು ಕುಡಿದಿದ್ದಾನೆಯೇ, ದಣಿವಾರಿಸಿಕೊಂಡಿದ್ದಾನೆಯೇ ಎಂದು ವಿಚಾರಿಸುವುದು ತೋಟದ ಯಜಮಾನನ ಹೊಣೆ.