ಗೂರಲಿನೊಡನೆ ಸಂಸಾರ

ಈ ಕಾಯಿಲೆಗೆ ನಮ್ಮ ಭಾಷೆಯಲ್ಲಿ ಹೆಸರುಗಳ ಬರವಿಲ್ಲ. ಗೂರಲು, ಉಬ್ಬಸ, ದಮ್ಮು; ಒಂದೊಂದನ್ನೂ ತುಸು ನಿಧಾನವಾಗಿ ಉಚ್ಚರಿಸಿದರೆ ಕಾಯಿಲೆಯ ಸದ್ದೇ ಕಿವಿಗೆ ಬೀಳುತ್ತದೆ. ಆಸ್ತಮಾ ಎಂಬುದು ಗ್ರೀಕರ ಮಾತು. ಏದುಸಿರು ಎಂದೇ ಅದರ ಅರ್ಥ. ಕನ್ನಡ ಕಲಿಸಿ ಹೊಟ್ಟೆ ಹೊರೆಯುವ ನನಗೆ ಪದಗಳ ಮೇಲೆ ಅಕ್ಕರೆಯಿರುವುದು ಸಹಜ; ಆದರೆ ಈ ಪದಗಳ ಪರಿಚಯ ನಿಘಂಟಿನಿಂದ ಆದದ್ದಲ್ಲ. 1986ರ ಮಳೆಗಾಲದ ಒಂದು ರಾತ್ರಿ, ತೀರ್ಥಹಳ್ಳಿಯ ಸಮೀಪದ ನಮ್ಮ ಹಳ್ಳಿಯ ಮನೆಯಲ್ಲಿ, ನನ್ನ ಏಳನೆಯ ವಯಸ್ಸಿನಲ್ಲಿ ಆಯಿತು.

ಮಲಗಿದರೆ ಉಸಿರು ಕಟ್ಟುತ್ತಿತ್ತು. ಅಮ್ಮ ಮಡಿಲಲ್ಲಿ ದಿಂಬನ್ನಿಟ್ಟು, ಅದರ ಮೇಲೆ ನನ್ನನ್ನು ಮುಂದಕ್ಕೆ ಬಾಗಿಸಿ ಕೂರಿಸಿಕೊಂಡು, ಬೆನ್ನು ನೀವುತ್ತ ಬೆಳಗು ಮಾಡಿದಳು. ಎದೆಯೊಳಗೆ ಬೆಕ್ಕಿನ ಮರಿಯೊಂದು ಗುರುಗುಟ್ಟುತ್ತಿರುವಂತೆ ತೋರಿ, ಅದು ಯಾವಾಗ ಹೊರಗೆ ಬರುತ್ತದೆಂದು ನಾನು ಕೇಳಿದೆನಂತೆ. ಅಪ್ಪಯ್ಯ ಬಾಗಿಲಲ್ಲಿ ಲಾಟೀನು ಹಿಡಿದು ನಿಂತಿದ್ದರು. ಆ ಮಳೆಯಲ್ಲಿ ಪೇಟೆಗೆ ಹೋಗುವಂತಿರಲಿಲ್ಲ; ಮೊದಲ ಬಸ್ಸು ಬೆಳಿಗ್ಗೆಯೇ.

ಅಂದಿನಿಂದ ಔಷಧಗಳ ಮೆರವಣಿಗೆ ಆರಂಭವಾಯಿತು. ಆಡುಸೋಗೆಯ ಕಷಾಯವನ್ನು ನಾನು ಈಗಲೂ ಹಳಿಯಲಾರೆ. ಅದರಲ್ಲಿರುವ ವಾಸಿಸೀನ್ ಎಂಬ ವಸ್ತುವಿನ ಜಾಡು ಹಿಡಿದೇ ಕಫ ಕರಗಿಸುವ ಬ್ರೋಮ್‌ಹೆಕ್ಸಿನ್ ಹುಟ್ಟಿತೆಂದು ಅನಂತರ ತಿಳಿದೆ. ಮೃಗಶಿರೆಯ ಹೊತ್ತಿಗೆ ಹೈದರಾಬಾದಿನಲ್ಲಿ ಜೀವಂತ ಮೀನಿನ ಬಾಯಲ್ಲಿಟ್ಟು ನುಂಗಿಸುವ ಔಷಧಕ್ಕಾಗಿಯೂ ಸೋದರಮಾವ ಕರೆದೊಯ್ದರು. ಸಸ್ಯಾಹಾರಿಗಳಿಗೆ ಅದನ್ನು ಬೆಲ್ಲದಲ್ಲಿ ಕೊಡುತ್ತಾರೆ. ಬೆಲ್ಲ ರುಚಿಯಾಗಿತ್ತು, ಅದಕ್ಕಿಂತ ಹೆಚ್ಚಿನ ಗುಣವೇನೂ ನನಗೆ ಕಾಣಲಿಲ್ಲ.

ಹೈಸ್ಕೂಲಿನ ದಿನಗಳು ಮಾತ್ರೆಯ ದಿನಗಳು. ನಾಲ್ಕು ಮಿಲಿಗ್ರಾಮಿನ ಸಾಲ್ಬುಟಮಾಲ್ ನುಂಗಿದರೆ ಉಸಿರು ಸಡಿಲವಾಗುತ್ತಿತ್ತು, ನಿಜ. ಜೊತೆಗೆ ಎದೆ ಡವಗುಟ್ಟುತ್ತಿತ್ತು, ಬೆರಳುಗಳು ನಡುಗುತ್ತಿದ್ದವು. ನನ್ನ ಅಕ್ಷರ ಕೋಳಿ ಕೆದರಿದಂತಿದೆಯೆಂದು ಮೇಷ್ಟರು ತರಗತಿಯೆದುರು ಬರೆಹದ ಪುಸ್ತಕವನ್ನು ಎತ್ತಿ ತೋರಿಸಿದರು. ಮಾತ್ರೆಯ ಸಂಗತಿಯನ್ನು ನಾನು ಹೇಳಲಿಲ್ಲ. ಹೇಳಬಾರದೆಂಬುದು ಮನೆಯ ಕಟ್ಟಪ್ಪಣೆ. ಹೆಣ್ಣುಮಗು, ನಾಳೆ ಮದುವೆಯಾಗಬೇಕಲ್ಲ!

ಇನ್‌ಹೇಲರ್ ಕೈಗೆ ಬಂದದ್ದು 1999ರಲ್ಲಿ, ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುತ್ತಿದ್ದಾಗ. ಒತ್ತಿ ಸೇದುವ ಈ ಡಬ್ಬಿ ಅಮೆರಿಕದಲ್ಲಿ 1956ರಲ್ಲಿಯೇ ಮಾರಾಟಕ್ಕೆ ಬಂದಿತ್ತು. ಔಷಧ ಕಂಪನಿಯೊಂದರ ಮುಖ್ಯಸ್ಥನ ಮಗಳು, ತಾನೂ ಗೂರಲಿನವಳೇ, ಕೂದಲಿಗೆ ಸಿಂಪಡಿಸುವ ಡಬ್ಬಿಯಂತೆ ನನ್ನ ಔಷಧವನ್ನೂ ಏಕೆ ಮಾಡಬಾರದೆಂದು ತಂದೆಯನ್ನು ಕೇಳಿದ್ದೇ ಅದಕ್ಕೆ ಪ್ರೇರಣೆಯಂತೆ. ಒಂದು ಸಲ ಒತ್ತಿದರೆ ಬರುವುದು ನೂರು ಮೈಕ್ರೋಗ್ರಾಮ್. ನನ್ನ ಹಳೆಯ ಮಾತ್ರೆಯ ನಲವತ್ತನೆಯ ಒಂದು ಪಾಲು. ನೇರವಾಗಿ ಶ್ವಾಸನಾಳಕ್ಕೇ ಹೋಗುವುದರಿಂದ ಅಷ್ಟೇ ಸಾಕು. ಇಷ್ಟಾದರೂ ‘ಪಂಪು ಹಿಡಿದವರು ಬಿಡುವುದುಂಟೆ?’ ಎಂದು ಊರವರು ಹೆದರಿಸುತ್ತಿದ್ದರು. ಅನ್ನವನ್ನು ಹಿಡಿದವರೂ ಬಿಟ್ಟಿಲ್ಲವೆಂದು ಉತ್ತರಿಸುವ ಧೈರ್ಯ ನನಗೆ ಬಂದದ್ದು ಬಹಳ ತಡವಾಗಿ.

2004ರಲ್ಲಿ ದಾವಣಗೆರೆಯವರು ನನ್ನನ್ನು ನೋಡಲು ಬಂದರು. ‘ಅವರು ಕೇಳಿದರಷ್ಟೆ ಹೇಳೋಣ’ ಎಂದರು ಅಪ್ಪಯ್ಯ. ಕಾಯಿಲೆಯನ್ನು ಯಾರು ತಾನೆ ಹೆಸರಿಡಿದು ಕೇಳುತ್ತಾರೆ? ಕೇಳಲಿಲ್ಲ, ಹೇಳಲಿಲ್ಲ. ಲಾಜಹೋಮದ ಹೊಗೆಗೆ ಉಸಿರು ಕಟ್ಟಿದಾಗ ಸೀರೆ ಸರಿಪಡಿಸಿಕೊಳ್ಳುವ ನೆಪದಲ್ಲಿ ಒಳಗೆ ಹೋಗಿ, ಸೋದರತ್ತೆಯ ಕೈಚೀಲದಿಂದ ಡಬ್ಬಿ ತೆಗೆದು ಸೇದಿ ಬಂದೆ. ಮೂರನೆಯ ರಾತ್ರಿ ಗುಟ್ಟು ರಟ್ಟಾಯಿತು. ನಮ್ಮ ಯಜಮಾನರು ಗಾಬರಿಯಿಂದ ನೀರು ತಂದರು. ಅತ್ತೆ ಬಾಗಿಲಲ್ಲಿ ನಿಂತು ನೋಡಿ, ಏನೂ ಆಡದೆ ಹೋದರು. ನನ್ನ ಮೇಲೆ ಅವರು ಕೋಪ ತೀರಿಸಿಕೊಳ್ಳಲಿಲ್ಲವೆಂಬುದನ್ನು ಇಲ್ಲಿ ಬರೆಯಲೇಬೇಕು. ಆದರೆ ಗೌರಿಹಬ್ಬಕ್ಕೆ ಬಾಗಿನ ಹಿಡಿದು ಬಂದ ಅಪ್ಪಯ್ಯನಿಗೆ ಕಾಫಿ ಕೊಟ್ಟರೇ ಹೊರತು ಮಾತು ಕೊಡಲಿಲ್ಲ. ಎರಡು ವರ್ಷ ಹಾಗೆಯೇ ನಡೆಯಿತು. ಅಪ್ಪಯ್ಯ ಮಾಡಿದ್ದು ತಪ್ಪು. ಲಾಟೀನು ಹಿಡಿದು ರಾತ್ರಿಯಿಡೀ ನಿಂತವರೂ ಅವರೇ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಇಂದಿಗೂ ನನ್ನಿಂದಾಗಿಲ್ಲ.

ಬಸುರಿಯಾದಾಗ ಮಗುವಿಗೆ ಕೇಡೆಂದು ಯಾರೋ ಹೇಳಿದ ಮಾತು ಕೇಳಿ, ದಿನವೂ ಸೇದಬೇಕಾದ ತಡೆಮದ್ದನ್ನು ವೈದ್ಯರಿಗೆ ತಿಳಿಸದೆ ನಿಲ್ಲಿಸಿದೆ. ಆರನೆಯ ತಿಂಗಳಲ್ಲಿ ತುಟಿ ನೀಲಿಗಟ್ಟಿ ಆಸ್ಪತ್ರೆ ಸೇರಿದೆ. ‘ನಿಮಗೆ ಉಸಿರಿಲ್ಲದಿದ್ದರೆ ಮಗುವಿಗೆ ಎಲ್ಲಿಂದ ಬರಬೇಕಮ್ಮ?’ ಎಂದರು ವೈದ್ಯೆ. ಮಗಳು ಕ್ಷೇಮವಾಗಿ ಹುಟ್ಟಿದಳು. ನನ್ನ ಜನ್ಮದಲ್ಲಿ ನಾನು ಮಾಡಿದ ಅತಿ ದೊಡ್ಡ ಮೂರ್ಖತನ ಅದೇ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಕೆಲವು ವರ್ಷಗಳ ಬಳಿಕ ಬೇರೇನನ್ನೋ ಹುಡುಕುತ್ತ ಆಯುರ್ವೇದದ ಗ್ರಂಥಗಳನ್ನು ತಿರುವಿಹಾಕಿದೆ. ಚರಕಸಂಹಿತೆ ನಮ್ಮ ಕಾಯಿಲೆಯನ್ನು ತಮಕಶ್ವಾಸವೆಂದು ಕರೆದು, ಮೋಡಕ್ಕೂ ಮಳೆಗೂ ಮೂಡಣ ಗಾಳಿಗೂ ಅದು ಕೆರಳುತ್ತದೆಂದೂ ಕುಳಿತರೆ ಹಾಯೆನಿಸುತ್ತದೆಂದೂ ವರ್ಣಿಸಿದೆ. ಅಮ್ಮನ ಮಡಿಲಿನ ದಿಂಬನ್ನು ಚರಕನೂ ಕಂಡಿದ್ದನೋ ಏನೋ! ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಇನ್ನೊಂದು ಪದ: ಯಾಪ್ಯ. ಸಾಧ್ಯವೂ ಅಲ್ಲದ, ಅಸಾಧ್ಯವೂ ಅಲ್ಲದ, ಔಷಧದ ಬಲದಿಂದ ಕಾಲ ಸಾಗಿಸಬಹುದಾದ ರೋಗ. ಬೀಳಲಿರುವ ಮನೆಯನ್ನು ಸರಿಯಾಗಿ ಕೊಟ್ಟ ಆಸರೆಗಂಬ ಹಿಡಿದಿಡುವಂತೆ ಎಂದು ಸುಶ್ರುತನ ಹೋಲಿಕೆ. ವಾಸಿಯಾಯಿತೇ ಎಂದು ಕೇಳುವವರಿಗೆಲ್ಲ ನಾಚಿಕೊಂಡು ಇಲ್ಲವೆನ್ನುತ್ತಿದ್ದ ನನಗೆ, ಹೌದು ಮತ್ತು ಇಲ್ಲಗಳ ನಡುವೆ ನಿಲ್ಲಲು ಒಂದಡಿ ಜಾಗ ಸಿಕ್ಕಿತು.

ಈಗ ನನಗೆ ನಲವತ್ತಾರು. ಸೀಮೆಸುಣ್ಣದ ಧೂಳಿಗೆ ಹೆದರಿ ಕರಿಹಲಗೆ ಒರೆಸುವ ಕೆಲಸವನ್ನು ವಿದ್ಯಾರ್ಥಿಗಳಿಗೆ ಒಪ್ಪಿಸಿದ್ದೇನೆ. ಡಬ್ಬಿ ಮೇಜಿನ ಮೇಲೆ, ಹಾಜರಿ ಪುಸ್ತಕದ ಪಕ್ಕದಲ್ಲಿ, ಎಲ್ಲರಿಗೂ ಕಾಣುವಂತೆ ಇರುತ್ತದೆ. ಅತ್ತೆಗೆ ಎಪ್ಪತ್ತೆಂಟು. ಎಳೆಯ ವಯಸ್ಸಿನಿಂದ ಸೌದೆಯೊಲೆಯ ಮುಂದೆ ಊದುಗೊಳವೆ ಹಿಡಿದು ಕುಳಿತವರ ಶ್ವಾಸಕೋಶವನ್ನು ಆ ಹೊಗೆ ಸವೆಸಿದೆ. ಮೊದಲ ಸಲ ಡಬ್ಬಿ ಸೇದಲು ಬಾರದೆ ಔಷಧವನ್ನೆಲ್ಲ ಗಾಳಿಗೆ ಬಿಟ್ಟು, ‘ನೀನು ಹೇಗೆ ಮಾಡ್ತೀಯೋ ತೋರಿಸೇ’ ಎಂದರು. ತೋರಿಸಿದೆ. ಕೊಳವೆ ಜೋಡಿಸಿಕೊಟ್ಟ ಮೇಲೆ ಕೈ ಕುದುರಿತು.

ತಡೆಮದ್ದನ್ನು ಸೇದಿದ ಮೇಲೆ ಬಾಯಿ ಮುಕ್ಕಳಿಸಬೇಕು. ಇಲ್ಲವಾದರೆ ನಾಲಗೆಯ ಮೇಲೆ ಬಿಳಿ ಅಗ್ರ ಕಟ್ಟುತ್ತದೆ. ಹೀಗಾಗಿ ದಿನಕ್ಕೆರಡು ಹೊತ್ತು ನಾವಿಬ್ಬರೂ ಹಿತ್ತಿಲ ತೊಟ್ಟಿಯ ಬಳಿ ಚೊಂಬು ಹಿಡಿದು ನಿಲ್ಲುತ್ತೇವೆ. ಈ ಮನೆಯಲ್ಲಿ ತಪ್ಪದೆ ಸಂಧ್ಯಾವಂದನೆ ಮಾಡುವವರು ಅತ್ತೆಸೊಸೆ ಇಬ್ಬರೇ ಎಂದು ಯಜಮಾನರು ನಗುತ್ತಾರೆ. ಅತ್ತೆ ಬಾಯಲ್ಲಿನ ನೀರನ್ನು ಉಗುಳಿ, ‘ನಿನ್ನದಾಯಿತೇನೇ?’ ಎಂದು ಕೇಳಿ, ನನ್ನದಾಗುವ ತನಕ ಅಲ್ಲಿಯೇ ನಿಂತಿರುತ್ತಾರೆ.