ಮನೆಯ ಆಹಾರ ಮತ್ತು ಗಿಡಗಳಿಂದ ಸಾಕುಪ್ರಾಣಿಗಳಿಗೆ ವಿಷಬಾಧೆ

ದನಕರುಗಳಿಗೆ ವಿಷವು ಸರ್ಪದಿಂದಲೂ ಕಾಡುಸೊಪ್ಪಿನಿಂದಲೂ ಮಾತ್ರ ತಗಲುವುದೆಂದು ರೈತರಲ್ಲಿ ಅನೇಕರು ಭಾವಿಸುವರು. ಆದರೆ ಪ್ರಾಣಹಾನಿಗೆ ಕಾರಣವಾದ ವಸ್ತುವು ಎಷ್ಟೋ ಸಲ ಅಡಿಗೆಯ ಪಾತ್ರೆಯಲ್ಲಿಯೋ, ಹಿತ್ತಿಲ ಬೇಲಿಯಲ್ಲಿಯೋ, ಗೊಬ್ಬರದ ಚೀಲದಲ್ಲಿಯೋ ಇರುತ್ತದೆ. ಮನುಷ್ಯನಿಗೆ ಹಿತವಾದದ್ದೆಲ್ಲವೂ ಪಶುವಿಗೆ ಹಿತವಲ್ಲ. ಮುಂಗಾರಿನ ಉಳುಮೆಯ ಕಾಲದಲ್ಲಿ ಜೋಡಿಯ ಒಂದು ಎತ್ತು ಸತ್ತರೆ ಬಿತ್ತನೆಯ ಹದವೇ ತಪ್ಪಿಹೋಗುವುದು. ಕರೆಯುವ ಹಸು ಒಂದೇ ಇರುವ ಮನೆಯಲ್ಲಿ ಅದು ಸತ್ತರೆ ಕೈಗೆ ಬರುವ ಕಾಸೂ ಮಕ್ಕಳ ಹಾಲೂ ಒಟ್ಟಿಗೇ ನಿಲ್ಲುವುವು. ಈ ನಷ್ಟದಲ್ಲಿ ಬಹುಭಾಗವು ಸ್ವಲ್ಪ ಎಚ್ಚರಿಕೆಯಿಂದ ತಪ್ಪಿಸಬಹುದಾದದ್ದು.

ಔತಣದಲ್ಲಿ ಮಿಕ್ಕ ಅನ್ನ

ಮದುವೆ, ಜಾತ್ರೆ, ತಿಥಿಗಳಲ್ಲಿ ಮಿಕ್ಕ ಅನ್ನ, ಪಾಯಸ, ಹೋಳಿಗೆಗಳನ್ನು ಚೆಲ್ಲಲು ಮನಸ್ಸು ಬಾರದೆ ದನಗಳ ಮುಂದೆ ಬಾನಿಗಟ್ಟಲೆ ಸುರಿಯುವ ವಾಡಿಕೆಯುಂಟು. ಇದು ಪುಣ್ಯವೆಂದು ಮಾಡಿದರೂ ಫಲವು ಘಾತಕವಾಗಬಹುದು. ಮೆಲುಕು ಹಾಕುವ ಪ್ರಾಣಿಗಳ ದೊಡ್ಡ ಹೊಟ್ಟೆಯಲ್ಲಿ ಕಣ್ಣಿಗೆ ಕಾಣದ ಅಸಂಖ್ಯಾತ ಸೂಕ್ಷ್ಮಜೀವಿಗಳಿದ್ದು, ಅವೇ ಹುಲ್ಲನ್ನು ಜೀರ್ಣಿಸಿ ಕೊಡುವುವು. ಅಲ್ಲಿಗೆ ಬೆಂದ ಅನ್ನವಾಗಲಿ, ಹಿಟ್ಟಾಗಲಿ, ಧಾನ್ಯವಾಗಲಿ ಒಮ್ಮೆಗೇ ಹೆಚ್ಚಾಗಿ ಸೇರಿದರೆ ಅದು ತೀವ್ರವಾಗಿ ಹುದುಗಿ ಲ್ಯಾಕ್ಟಿಕ್ ಆಮ್ಲವೆಂಬ ಹುಳಿ ಉತ್ಪತ್ತಿಯಾಗುವುದು. ಹುಲ್ಲನ್ನು ಜೀರ್ಣಿಸುವ ಜೀವಿಗಳು ಸಾಯುವುವು. ಆಮ್ಲವು ರಕ್ತಕ್ಕೂ ಸೇರುವುದು.

ಇಂತಹ ಪಶುವು ಮೊದಲು ಮೇವನ್ನೂ ಮೆಲುಕನ್ನೂ ಬಿಡುತ್ತದೆ. ಎಡಗಡೆಯ ಹೊಟ್ಟೆ ಬಿಗಿಯುತ್ತದೆ, ಹುಳಿನಾತದ ತೆಳು ಸಗಣಿ ಹೋಗುತ್ತದೆ, ನಡಿಗೆ ತಡವರಿಸುತ್ತದೆ. ಕಡೆಗೆ ಅದು ನೆಲಹಿಡಿದು, ತಿಂದ ಎರಡು ಮೂರು ದಿನಗಳೊಳಗೆ ಸಾಯಲೂಬಹುದು. ಕಾರಣವರಿಯದ ಮನೆಯವರು ದೃಷ್ಟಿ ತಾಕಿತೆಂದು ನಿವಾಳಿಸುತ್ತ ಅಮೂಲ್ಯವಾದ ಕಾಲವನ್ನು ಕಳೆಯುವರು. ಮಿಕ್ಕ ಅನ್ನವನ್ನು ಕೊಡಲೇಬೇಕಾದರೆ ಹೊಟ್ಟೆತುಂಬ ಹುಲ್ಲು ತಿಂದ ದನಗಳಿಗೆ ಹಂಚಿ, ಒಂದೊಂದಕ್ಕೂ ಒಂದೆರಡು ಹಿಡಿಗೆ ಮೀರದಂತೆ ಕೊಡತಕ್ಕದ್ದು. ಉಳಿದುದನ್ನು ಗೊಬ್ಬರದ ಗುಂಡಿಗೆ ಹಾಕಿ, ದನ ಮುಟ್ಟದಂತೆ ಮಣ್ಣು ಮುಚ್ಚುವುದು ಲೇಸು.

ಕಣಗಿಲೆ

ದೇವರ ಪೂಜೆಗೆಂದು ಮನೆಮನೆಯಲ್ಲಿ ಬೆಳೆಸುವ ಕಣಗಿಲೆಯ ಎಲೆ, ಹೂ, ತೊಗಟೆ, ಬೇರು ಸಮಸ್ತವೂ ವಿಷ. ಹಳದಿ ಕಣಗಿಲೆಯೂ ಹಾಗೆಯೇ. ಇವುಗಳ ವಿಷವು ನೇರವಾಗಿ ಹೃದಯದ ಮೇಲೆ ವರ್ತಿಸುವುದು. ದೊಡ್ಡ ಹಸುವೊಂದನ್ನು ಕೊಲ್ಲಲು ಕಣಗಿಲೆಯ 10ರಿಂದ 20 ಎಲೆಗಳು ಸಾಕು. ಹಸುರೆಲೆಯು ಕಹಿಯಾದುದರಿಂದ ದನಗಳು ಸಾಮಾನ್ಯವಾಗಿ ಅದನ್ನು ಮೂಸಿ ಬಿಡುವುವು. ಅಪಾಯವಿರುವುದು ಕತ್ತರಿಸಿ ಬಿಸಾಡಿದ ಕೊಂಬೆಗಳಲ್ಲಿ. ಬಾಡಿದ ಎಲೆಯಲ್ಲಿ ಕಹಿ ತಗ್ಗುವುದೇ ಹೊರತು ವಿಷವು ತಗ್ಗುವುದಿಲ್ಲ. ಬೇಸಗೆಯಲ್ಲಿ ಹಸುರು ಕಾಣದೆ ಹಸಿದ ದನವು ಅದಕ್ಕೆ ಬಾಯಿ ಹಾಕುತ್ತದೆ. ಭೇದಿ, ಹೊಟ್ಟೆನೋವು, ಕಾಲು ಕಿವಿಗಳು ತಣ್ಣಗಾಗುವುದು, ಕ್ರಮತಪ್ಪಿದ ಎದೆಬಡಿತ ಇವು ಲಕ್ಷಣಗಳು. ಇಂತಹ ಪ್ರಾಣಿಯನ್ನು ನಡೆಸಬಾರದು, ಓಡಿಸಬಾರದು. ಕಣಗಿಲೆಯನ್ನು ಸವರಿದ ದಿನವೇ ಕೊಂಬೆಗಳನ್ನು ಆಳವಾಗಿ ಹೂಳತಕ್ಕದ್ದು.

ಹರಳು ಬೀಜ ಮತ್ತು ಹರಳು ಹಿಂಡಿ

ಔಡಲವೆಂದೂ ಕರೆಯಲ್ಪಡುವ ಹರಳಿನ ಬೀಜದಲ್ಲಿ ರಿಸಿನ್ ಎಂಬ ಉಗ್ರವಾದ ವಿಷವಿದೆ. ಗಾಣದಲ್ಲಿ ಅರೆದಾಗ ಅದು ಎಣ್ಣೆಯೊಡನೆ ಹೋಗದೆ ಹಿಂಡಿಯಲ್ಲಿಯೇ ನಿಲ್ಲುವುದು. ಆದಕಾರಣ ಹರಳು ಹಿಂಡಿಯು ತೋಟಕ್ಕೆ ಉತ್ತಮ ಗೊಬ್ಬರವಾದರೂ ಕಡಲೆಕಾಯಿ ಹಿಂಡಿಯಂತೆ ದನಕ್ಕೆ ಹಾಕುವಂಥದಲ್ಲ. ಎರಡನ್ನೂ ಒಂದೇ ಕೊಟ್ಟಿಗೆಯಲ್ಲಿಟ್ಟು, ಕತ್ತಲಲ್ಲಿ ಒಂದಕ್ಕೆ ಬದಲಾಗಿ ಮತ್ತೊಂದನ್ನು ನೆನೆಹಾಕುವ ಸಂಭವವುಂಟು. ಎಲುಬಿನ ಪುಡಿಯೊಡನೆ ಕಲಸಿ ಗಿಡಗಳ ಬುಡಕ್ಕೆ ಹಾಕಿದಾಗ ನಾಯಿಗಳು ಅದರ ವಾಸನೆಗೆ ಬಂದು ತಿನ್ನುವುವು. ಕೆಲವು ಗಂಟೆಗಳ ತರುವಾಯ, ಕೆಲವೊಮ್ಮೆ ಒಂದೆರಡು ದಿನಗಳ ತರುವಾಯ, ರಕ್ತಮಿಶ್ರಿತ ಭೇದಿ ಮತ್ತು ನಿತ್ರಾಣ ತೋರುವುವು. ಈ ಹಿಂಡಿಯನ್ನು ಬೇರೆ ಕೋಣೆಯಲ್ಲಿ ಬೀಗ ಹಾಕಿಟ್ಟು, ತೋಟಕ್ಕೆ ಹಾಕಿದೊಡನೆ ಮಣ್ಣು ಮುಚ್ಚಬೇಕು.

ನಾಯಿ ಮತ್ತು ಬೆಕ್ಕು

ಮನೆ ಕಾಯುವ ನಾಯಿಗೂ ಕಣಜ ಕಾಯುವ ಬೆಕ್ಕಿಗೂ ಮಿಕ್ಕ ಸಾರನ್ನ ಹಾಕುವುದು ಎಲ್ಲೆಡೆಯೂ ಉಂಟು. ಈರುಳ್ಳಿ ಬೆಳ್ಳುಳ್ಳಿಗಳು ಅವುಗಳ ರಕ್ತಕಣಗಳನ್ನು ಒಡೆಯುವುವು. ಬೇಯಿಸಿದರೂ ಈ ಗುಣವು ಹೋಗದು. ಬೆಕ್ಕಿಗೆ ಇದರ ಬಾಧೆ ನಾಯಿಗಿಂತಲೂ ಹೆಚ್ಚು. ಕೆಲವು ದಿನಗಳಲ್ಲಿ ವಸಡು ಬಿಳಿಚಿಕೊಂಡು, ಮೂತ್ರವು ಕೆಂಪುಗಂದಾಗುವುದು. ಬೆಲೆ ಕುಸಿದಾಗ ಈರುಳ್ಳಿಯನ್ನು ರಾಶಿಗಟ್ಟಲೆ ದನಗಳಿಗೆ ಹಾಕಿದರೆ ಅವಕ್ಕೂ ಇದೇ ಗತಿಯಾಗುವುದು.

ದ್ರಾಕ್ಷಿ ಮತ್ತು ಒಣದ್ರಾಕ್ಷಿಯಿಂದ ನಾಯಿಯ ಮೂತ್ರಪಿಂಡಗಳು ಕೆಡಬಹುದು. ಇದಕ್ಕೆ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು 2021ರಲ್ಲಿ ಅಮೆರಿಕದ ಪಶುವೈದ್ಯರು ಸೂಚಿಸಿದರು. ನಮ್ಮ ಹುಣಸೆಹಣ್ಣಿನ ಹುಳಿಯೂ ಅದೇ ಆಮ್ಲದ್ದಾದುದರಿಂದ ಹುಣಸೆಹಣ್ಣನ್ನಾಗಲಿ, ಗಟ್ಟಿ ಗೊಜ್ಜನ್ನಾಗಲಿ ನಾಯಿಗೆ ಹಾಕದಿರುವುದೇ ಕ್ಷೇಮ.

ವಿಷಬಾಧೆ ಕಂಡಾಗ

ಮೊದಲು ಉಳಿದ ಪ್ರಾಣಿಗಳನ್ನು ಆ ಸ್ಥಳದಿಂದ ದೂರಮಾಡಿ, ತಿಂದ ವಸ್ತುವಿನ ಮಾದರಿಯನ್ನು ತೆಗೆದಿರಿಸಿ, ಪಶುವೈದ್ಯರಿಗೆ ಒಡನೆ ತಿಳಿಸತಕ್ಕದ್ದು. ಕರ್ನಾಟಕದಲ್ಲಿ ಸಂಚಾರಿ ಪಶುಚಿಕಿತ್ಸಾ ವಾಹನಕ್ಕಾಗಿ 1962 ಎಂಬ ದೂರವಾಣಿ ಸಂಖ್ಯೆಯುಂಟು. ಅನ್ನ ತಿಂದ ದೊಡ್ಡ ದನವು ನಿಂತಿದ್ದು ಚೆನ್ನಾಗಿ ನುಂಗುತ್ತಿದ್ದರೆ, ವೈದ್ಯರು ಬರುವ ಮೊದಲು 100ರಿಂದ 150 ಗ್ರಾಂ ಅಡಿಗೆ ಸೋಡವನ್ನು ನೀರಿನಲ್ಲಿ ಕರಗಿಸಿ ನಿಧಾನವಾಗಿ ಕುಡಿಸಬಹುದು. ಮಜ್ಜಿಗೆ, ಹುಣಸೆನೀರು ಮೊದಲಾದ ಹುಳಿ ಪದಾರ್ಥಗಳು ಕೂಡದು. ಮಲಗಿದ ಪಶುವಿಗೆ ಗೊಟ್ಟದಲ್ಲಿ ಏನನ್ನೂ ಹೊಯ್ಯಬಾರದು; ಅದು ಶ್ವಾಸಕೋಶಕ್ಕಿಳಿದು ಬೇರೊಂದು ಮರಣಕ್ಕೆ ದಾರಿಯಾಗುವುದು. ನಾಯಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದೂ ಅಪಾಯಕರ. ವಿಷದಿಂದ ಸತ್ತ ಪ್ರಾಣಿಯ ಮಾಂಸವನ್ನು ಯಾರೂ ಉಪಯೋಗಿಸದಂತೆ ಆಳವಾಗಿ ಹೂಳಿಸತಕ್ಕದ್ದು.

ಊರಿನ ಯಜಮಾನರೂ ಭೂಮಾಲೀಕರೂ ತಮ್ಮ ಮನೆಯ ಮುಂದಿನ ಔತಣದಿಂದಲೇ ಈ ಕ್ರಮವನ್ನು ಆರಂಭಿಸಿದರೆ ಉಳಿದವರು ಅನುಸರಿಸುವರು. ಮಿಕ್ಕ ಅನ್ನ ಹೋಗುವ ಸ್ಥಳವನ್ನು ಮೊದಲೇ ಗೊತ್ತುಮಾಡುವುದು, ದೇವಸ್ಥಾನದ ಕಣಗಿಲೆಯ ಕೊಂಬೆಗಳನ್ನು ಹೂಳಿಸುವುದು, ದನ ಕಾಯುವ ಹುಡುಗರಿಗೂ ಕೊಟ್ಟಿಗೆಯ ಆಳುಗಳಿಗೂ ಈ ಗಿಡಗಳನ್ನು ತೋರಿಸಿ ತಿಳಿಸುವುದು, ಈ ಮೂರಕ್ಕೆ ಹಣದ ಖರ್ಚಿಲ್ಲ. ಮೂಕಪ್ರಾಣಿಯು ಎದುರಿಗಿಟ್ಟುದನ್ನು ನಂಬಿ ತಿನ್ನುತ್ತದೆ. ಇಡುವ ಮುನ್ನ ವಿಚಾರಿಸತಕ್ಕ ಹೊಣೆಯು ಒಡೆಯನದು.