ಎಂಟು ಸಿಲಿಂಡರಿನ ಗೂಟ್ಸಿಯ ಮರುಹುಟ್ಟು

ಹಾಲಿನ ಕ್ಯಾನು, ಹುಲ್ಲಿನ ಹೊರೆ ಹೊತ್ತು ಹಳ್ಳಿ ರಸ್ತೆಯಲ್ಲಿ ಓಡಾಡುತ್ತಿದ್ದ ಟಿವಿಎಸ್ ಎಕ್ಸ್‌ಎಲ್ ಸೂಪರ್ ಮೊಪೆಡ್ಡಿನ ಎಂಜಿನ್ 70 ಸಿ.ಸಿ.ಯದು. ಅದಕ್ಕಿಂತಲೂ ಚಿಕ್ಕದಾದ, ತಲಾ 62 ಸಿ.ಸಿ.ಯ ಎಂಟು ಸಿಲಿಂಡರುಗಳನ್ನು ಒಂದೇ ಬೈಕಿನೊಳಗೆ ತುಂಬಿಸಿ ಗಂಟೆಗೆ 275 ಕಿ.ಮೀ. ವೇಗ ತೆಗೆದವರು ಇಟಲಿಯ ಮೋಟೋ ಗೂಟ್ಸಿ ಕಂಪನಿಯವರು. ಕೋಮೋ ಸರೋವರದ ದಡದ ಮಾಂಡೆಲ್ಲೋ ದೆಲ್ ಲಾರಿಯೋದಲ್ಲಿ ಜೂಲಿಯೋ ಕಾರ್ಕಾನೋ ವಿನ್ಯಾಸ ಮಾಡಿದ ಈ ವಿ8 ರೇಸ್ ಬೈಕು 1955ರಲ್ಲಿ ಬೆಳಕು ಕಂಡಿತು. 1957ರ ಕೊನೆಗೆ ಗೂಟ್ಸಿ, ಜಿಲೇರಾ, ಮೊಂಡಿಯಾಲ್ ಕಂಪನಿಗಳು ಒಟ್ಟಾಗಿ ರೇಸಿನಿಂದ ಹಿಂದೆ ಸರಿದಾಗ ಇದರ ಕಥೆಯೂ ಅಲ್ಲಿಗೆ ನಿಂತಿತು. ತಯಾರಾದದ್ದು ಬೆರಳೆಣಿಕೆಯಷ್ಟು. ಹಾಗಾಗಿ ಇದನ್ನು ಓಡುವ ಸ್ಥಿತಿಯಲ್ಲಿ ನೋಡಬೇಕೆಂಬ ಹಟದವರು ಇದರ ತದ್ರೂಪಿಗಳನ್ನೇ ಕಟ್ಟಿದ್ದಾರೆ.

ಅಂಥ ಕೆಲಸಕ್ಕೆ ಕೈಹಾಕುವವರು ಮೊದಲು ಬಿಡಿಸಬೇಕಾದ ಒಗಟು: ಒಂದೇ ಸಿಲಿಂಡರಿನಲ್ಲಿ ಆಗುವ ಕೆಲಸಕ್ಕೆ ಎಂಟು ಯಾಕೆ?

ಉತ್ತರ ಪಿಸ್ಟನ್ನಿನ ವೇಗದಲ್ಲಿದೆ. ಆ ಕಾಲದ ಹೆಸರಾಂತ ಬ್ರಿಟಿಷ್ ಬೈಕು ಮ್ಯಾಂಕ್ಸ್ ನಾರ್ಟನ್‌ನ 500 ಸಿ.ಸಿ. ಎಂಜಿನ್ನಿಗೆ ಇದ್ದದ್ದು ಒಂದೇ ಪಿಸ್ಟನ್. ಅದು ಪ್ರತಿ ಹೊಡೆತಕ್ಕೆ 85.6 ಮಿ.ಮೀ. ಚಲಿಸುತ್ತಿತ್ತು. ನಿಮಿಷಕ್ಕೆ 7,000 ಸುತ್ತು ಹಾಕಿದರೆ ಸರಾಸರಿ ವೇಗ ಸೆಕೆಂಡಿಗೆ ಸುಮಾರು 20 ಮೀಟರ್. ಗೂಟ್ಸಿಯಲ್ಲಿ ಈ ಅಂತರ ಬರೀ 41 ಮಿ.ಮೀ. ಆದ್ದರಿಂದ ಅದು 12,000 ಸುತ್ತು ಹಾಕಿದರೂ ಪಿಸ್ಟನ್ನಿನ ಸರಾಸರಿ ವೇಗ 16.4 ಮೀಟರ್ ದಾಟುವುದಿಲ್ಲ. ನಿಮಿಷಕ್ಕೆ ಹೆಚ್ಚು ಸುತ್ತು ಎಂದರೆ ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲು, ಹೆಚ್ಚು ಶಕ್ತಿ. ಕಾರ್ಕಾನೋ ಪಿಸ್ಟನ್ನಿಗೆ ಅತಿ ವೇಗದ ಹೊರೆ ಹೊರಿಸದೆಯೇ ಶಕ್ತಿ ಹಿಂಡುವ ದಾರಿ ಹುಡುಕಿದ್ದರು.

ಆದರೆ ಪ್ರಕೃತಿ ಯಾವುದನ್ನೂ ಪುಕ್ಕಟೆ ಕೊಡುವುದಿಲ್ಲ. ಪಿಸ್ಟನ್ ಸೆಕೆಂಡಿಗೆ 200 ಬಾರಿ ಮೇಲೆ ಹೋಗಿ ಕೆಳಗೆ ಬರಬೇಕು. ತುದಿ ಮುಟ್ಟಿ ದಿಕ್ಕು ಬದಲಿಸುವಾಗ ಅದರ ಮೇಲೆ ಬೀಳುವ ವೇಗೋತ್ಕರ್ಷ ಭೂಮಿಯ ಗುರುತ್ವದ 3,300 ಪಟ್ಟಿಗೂ ಹೆಚ್ಚು. ಪಿಸ್ಟನ್, ಪಿನ್ನು ಸೇರಿ 100 ಗ್ರಾಂ ಎಂದಿಟ್ಟುಕೊಂಡರೂ ಆ ಕ್ಷಣಕ್ಕೆ ಕನೆಕ್ಟಿಂಗ್ ರಾಡಿನ ಮೇಲೆ 330 ಕೆ.ಜಿ.ಯಷ್ಟು ಎಳೆತ. ಈ ಹೊಡೆತವನ್ನೆಲ್ಲ ಕೊನೆಗೆ ತಾಳಬೇಕಾದದ್ದು ಕ್ರ್ಯಾಂಕ್‌ಶಾಫ್ಟು ಮತ್ತು ಅದರ ಬೇರಿಂಗುಗಳು. ಗೂಟ್ಸಿ ಕೈಕೊಡುತ್ತಿದ್ದದ್ದೂ ಅಲ್ಲೇ. ಮೊದಲಿನ ಕ್ರ್ಯಾಂಕ್ ತಾಳದೆ, ಜರ್ಮನಿಯ ಹಿರ್ಟ್ ಕಂಪನಿ ತಯಾರಿಸಿದ ಜೋಡಣೆಯ ಕ್ರ್ಯಾಂಕ್ ಹಾಕಬೇಕಾಯಿತು.

ಇನ್ನು ಅಳತೆಯ ವಿಷಯ. ಲೇಸರ್ ಸ್ಕ್ಯಾನರ್ ಮೂಲ ಭಾಗಗಳ ಹೊರಮೈಯನ್ನು ಕೂದಲೆಳೆಯಷ್ಟು ನಿಖರವಾಗಿ ಅಳೆಯುತ್ತದೆ; ಎರಕದೊಳಗಿನ ಎಣ್ಣೆಯ ದಾರಿಗಳನ್ನು ಸಿ.ಟಿ. ಸ್ಕ್ಯಾನ್ ತೋರಿಸುತ್ತದೆ. ಆದರೆ ಸ್ಕ್ಯಾನರಿಗೆ ಕಾಣುವುದು ಸವೆದ ಭಾಗದ ಇಂದಿನ ಅಳತೆ. ವಿನ್ಯಾಸಕಾರ ಬರೆದಿದ್ದ ಅಳತೆಯನ್ನು ಲೆಕ್ಕ ಹಾಕಿಯೇ ಹುಡುಕಬೇಕು. ಸ್ಕ್ಯಾನಿನ ಅಳತೆಗೇ ಅಚ್ಚು ಮಾಡಿಸಿದರೂ ಕೆಲಸ ಕೆಟ್ಟಂತೆ. ಕರಗಿದ ಅಲ್ಯೂಮಿನಿಯಂ ಅಚ್ಚಿನಲ್ಲಿ ತಣಿಯುವಾಗ ನೂರಕ್ಕೆ ಒಂದೂಕಾಲು ಭಾಗದಷ್ಟು ಕುಗ್ಗುತ್ತದೆ. ಮಾದರಿಯನ್ನು ಅಷ್ಟು ದೊಡ್ಡದಾಗಿಯೇ ಮಾಡಬೇಕು.

ಗೇರುಗಳ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಈ ಎಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟುಗಳನ್ನು ತಿರುಗಿಸುವುದು ಚೈನಲ್ಲ, ಒಂದಕ್ಕೊಂದು ಹಲ್ಲು ಕೊಟ್ಟ ಗೇರುಗಳ ಸಾಲು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 200 ಮಿ.ಮೀ. ಇರುವ ಅಲ್ಯೂಮಿನಿಯಂ, 90 ಡಿಗ್ರಿಗೆ ಕಾದಾಗ 0.32 ಮಿ.ಮೀ. ಹಿಗ್ಗುತ್ತದೆ. ಅಷ್ಟೇ ಉದ್ದದ ಉಕ್ಕು ಹಿಗ್ಗುವುದು 0.17 ಮಿ.ಮೀ. ಮಾತ್ರ. ಅಂದರೆ ಎಂಜಿನ್ ಬಿಸಿಯಾದಂತೆಲ್ಲ ಹಗುರ ಲೋಹದ ಪೆಟ್ಟಿಗೆ ಉಕ್ಕಿನ ಗೇರುಗಳನ್ನು ಒಂದರಿಂದೊಂದು ದೂರ ತಳ್ಳುತ್ತದೆ. ತಣ್ಣಗಿದ್ದಾಗ ಹಲ್ಲುಗಳ ನಡುವೆ ಎಷ್ಟು ಸಂದು ಬಿಡಬೇಕು ಎಂಬುದಕ್ಕೆ ಸವೆದ ಹಳೆಯ ಗೇರು ಸಾಕ್ಷಿ ಹೇಳಲಾರದು, ಲೋಹದ ಗುಣ ಹೇಳುತ್ತದೆ.

ಕಿಡಿಯ ಲೆಕ್ಕ ಇನ್ನೊಂದು ಬಗೆಯದು. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರಿಗೆ ಎರಡು ಸುತ್ತಿಗೊಂದು ಕಿಡಿ ಬೇಕು. 12,000 ಸುತ್ತಿಗೆ ಎಂಟು ಸಿಲಿಂಡರಿಗೂ ಸೇರಿ ಸೆಕೆಂಡಿಗೆ 800 ಕಿಡಿ. ಸ್ಪ್ರಿಂಗಿನ ಬಲದ ಮೇಲೆ ತೆರೆದು ಮುಚ್ಚುವ ಒಂದೇ ಕಾಂಟ್ಯಾಕ್ಟ್ ಪಾಯಿಂಟಿಗೆ ಇದು ಆಗದ ಮಾತು. ಆದ್ದರಿಂದ ಗೂಟ್ಸಿಯವರು ಪ್ರತಿ ಸಿಲಿಂಡರಿಗೂ ಬೇರೆ ಪಾಯಿಂಟ್ ಕೊಟ್ಟರು. ತಲಾ ಸೆಕೆಂಡಿಗೆ 100 ಕಿಡಿ ಎಂದಾಗ ಕೆಲಸ ಸುಲಭ, ಆದರೆ ಎಂಟನ್ನೂ ಹೊಂದಿಸುವವರ ಗತಿ ಕಷ್ಟ. ಅಷ್ಟು ವೇಗದಲ್ಲಿ ಕ್ರ್ಯಾಂಕ್ ಒಂದು ಡಿಗ್ರಿ ತಿರುಗಲು ಹಿಡಿಯುವ ಸಮಯ ಸೆಕೆಂಡಿನ 14 ದಶಲಕ್ಷಾಂಶ. ಇದರ ಜೊತೆಗೆ ಎಂಟು ಡೆಲ್ಲೋರ್ಟೋ ಕಾರ್ಬ್ಯುರೇಟರುಗಳೂ ಒಂದೇ ಹದದಲ್ಲಿ ಉಸಿರಾಡಬೇಕು. 1957ರ ಐಲ್ ಆಫ್ ಮ್ಯಾನ್ ಸೀನಿಯರ್ ಟಿಟಿ ರೇಸಿನಲ್ಲಿ ಡಿಕಿ ಡೇಲ್ ಒಂದು ಸಿಲಿಂಡರ್ ಸತ್ತ ಬೈಕಿನಲ್ಲೇ, ಏಳರ ಬಲದ ಮೇಲೆ, ನಾಲ್ಕನೆಯವರಾಗಿ ಗುರಿ ಮುಟ್ಟಿದರು.

ಹಾಗಾದರೆ ಇಂದು ಕಟ್ಟುವ ಎಂಜಿನ್ನಿಗೆ ಹಳೆಯ ಉಕ್ಕೇ ಬೇಕೇ? ಕ್ರ್ಯಾಂಕಿನಲ್ಲಿ ಬಿರುಕು ಹುಟ್ಟುವುದು ಹಲವು ಸಲ ಲೋಹದೊಳಗೆ ಸಿಕ್ಕಿಕೊಂಡ ಕಶ್ಮಲದ ಕಣದ ಸುತ್ತ. ನಿರ್ವಾತದಲ್ಲಿ ಕರಗಿಸಿ ಶುದ್ಧಿ ಮಾಡಿದ ಇಂದಿನ ಉಕ್ಕಿನಲ್ಲಿ ಅಂಥ ಕಣ ಕಡಿಮೆ. ಅದರಲ್ಲಿ ಮಾಡಿದ ಬೇರಿಂಗುಗಳ ಬಾಳಿಕೆಯೂ ಹೆಚ್ಚು. ಇದನ್ನು ಬಳಸಿದರೆ ಅಪಚಾರ ಎನ್ನುವ ಕಟ್ಟಾ ಸಂಪ್ರದಾಯಸ್ಥರಿದ್ದಾರೆ. ನನಗಂತೂ ಹಾಗನ್ನಿಸುವುದಿಲ್ಲ. 41 ಮಿ.ಮೀ. ಹೊಡೆತ, ಗೇರುಗಳ ಸಾಲು, ಎಂಟು ಪಾಯಿಂಟು: ಇವು ಕಾರ್ಕಾನೋ ಯೋಚಿಸಿ ಮಾಡಿದ ತೀರ್ಮಾನಗಳು, ಇವನ್ನು ಮುಟ್ಟಬಾರದು. ಉಕ್ಕಿನ ಕಶ್ಮಲ ಅವರ ತೀರ್ಮಾನವಲ್ಲ, ಆ ಕಾಲದ ಮಿತಿ. ಪಾಯಿಂಟುಗಳನ್ನು ಕಿತ್ತು ಒಳಗೆ ಎಲೆಕ್ಟ್ರಾನಿಕ್ ಪೆಟ್ಟಿಗೆ ಅಡಗಿಸಿಟ್ಟರೆ ಬೈಕು ಸಲೀಸಾಗಿ ಓಡೀತು, ಆದರೆ ಎಂಟು ಸಿಲಿಂಡರಿನ ಬೆಲೆ ಏನೆಂಬುದು ಅದರಿಂದ ತಿಳಿಯುವುದಿಲ್ಲ.

ಉಕ್ಕೊಂದನ್ನು ಬದಲಿಸಿ ಉಳಿದದ್ದನ್ನೆಲ್ಲ ಹಾಗೇ ಇಟ್ಟ ತದ್ರೂಪಿ ಒಂದು ಪ್ರಯೋಗವೂ ಹೌದು. ಅದರ ಕ್ರ್ಯಾಂಕ್ ತಾಳಿದರೆ ಅಂದಿನ ಸೋಲು ಲೋಹದ್ದು. ಮತ್ತೆ ಮುರಿದರೆ ವಿನ್ಯಾಸದ್ದು. ಗಾಜಿನ ಕಪಾಟಿನಲ್ಲಿ ನಿಂತ ಮೂಲ ಬೈಕನ್ನು ಈ ಪ್ರಶ್ನೆ ಕೇಳುವ ಧೈರ್ಯ ಯಾರಿಗೂ ಬರಲಾರದು. ಆದರೆ ಏನೇನು ಬದಲಾಯಿಸಿದ್ದೇವೆ ಎಂಬುದನ್ನು ಕಟ್ಟಿದವರು ಬರೆದಿಡಬೇಕು, ಚೌಕಟ್ಟಿನ ಮೇಲೆ ಇದು ತದ್ರೂಪಿ ಎಂದು ಕೆತ್ತಿಸಬೇಕು. ಮುಂದೆ ಅದನ್ನು ಕೊಳ್ಳುವವರಿಗೂ ಓದುವವರಿಗೂ ಅಷ್ಟು ಪ್ರಾಮಾಣಿಕತೆ ಸಲ್ಲಬೇಕು.